ಫೋಟೋ ಕ್ರಾಪ್ ಮಾಡೋಕೆ ಯಾವ್ದು ಸಾಕು: ಮೊಬೈಲಾ, ಪೇಂಟಾ, ಇರ್ಫಾನ್‌ವ್ಯೂನಾ, ಗಿಂಪಾ?

ಕ್ರಾಪ್ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಕೇಳೋರು ಸುಮಾರು ಜನ ಇದಾರೆ. ಒಬ್ರು ಪೇಂಟ್ ಸಾಕು ಅಂತಾರೆ, ಇನ್ನೊಬ್ರು ಗಿಂಪ್ ಇಲ್ದೆ ಆಗಲ್ಲ ಅಂತಾರೆ, ಮನೇಲಿ ಮಗ ಬಂದು ಮೊಬೈಲಲ್ಲೇ ಮಾಡು ಬಿಡಮ್ಮಾ ಅಂತಾನೆ. ಫೋಟೋ ಕತ್ತರಿಸೋ ಕೆಲ್ಸ ಎಲ್ಲಾದ್ರಲ್ಲೂ ಒಂದೇ ರೀ, ಚೌಕ ಎಳೀಬೇಕು, ಒಳಗಡೆ ಇರೋದು ಉಳಿಯತ್ತೆ, ಹೊರಗಡೆ ಇರೋದು ಹೋಗತ್ತೆ. ವ್ಯತ್ಯಾಸ ಶುರುವಾಗೋದು ಅದಾದ್ಮೇಲೆ. ಕತ್ತರಿಸಿದ ಫೋಟೋ ಎಲ್ಲಿಗೆ ಹೋಗ್ಬೇಕು, ಎಷ್ಟು ಕೆಬಿ ಇರ್ಬೇಕು, ಒರಿಜಿನಲ್ ಉಳೀಬೇಕಾ ಬೇಡ್ವಾ, ಇವುಗಳ ಮೇಲೆ ಯಾವ್ದು ಬೇಕು ಅನ್ನೋದು ನಿಂತಿದೆ. ವಾಟ್ಸಾಪ್ ಡಿಪಿಗೆ ಕ್ರಾಪ್ ಮಾಡೋನಿಗೂ ಬ್ಯಾಂಕ್ ಪರೀಕ್ಷೆ ಅರ್ಜಿ ತುಂಬೋನಿಗೂ ಒಂದೇ ಆ್ಯಪ್ ಹೇಳಿದ್ರೆ ಇಬ್ರಲ್ಲಿ ಒಬ್ರು ಒದ್ದಾಡ್ತಾರೆ.

ಆಯ್ಕೆ ಮಾಡೋಕೆ ಮುಂಚೆ ಏನೇನು ನೋಡ್ಬೇಕು

ಮೊದಲ್ನೇದು ಅನುಪಾತ, ಅಂದ್ರೆ ಅಗಲಕ್ಕೂ ಎತ್ತರಕ್ಕೂ ಇರೋ ಲೆಕ್ಕ. ಮೊಬೈಲ್ ಕ್ಯಾಮೆರಾ ಸಾಮಾನ್ಯವಾಗಿ 4:3ರಲ್ಲಿ ತೆಗೆಯತ್ತೆ, ಸ್ಟುಡಿಯೋದಲ್ಲಿ ಹಾಕಿಸೋ 4×6 ಪ್ರಿಂಟ್ 3:2, ಯೂಟ್ಯೂಬ್ ಥಂಬ್‌ನೇಲ್ 16:9, ಡಿಪಿ ಚೌಕ. ಹಾಗಾಗಿ ಮೊಬೈಲ್ ಫೋಟೋನ ಹಾಗೇ 4×6 ಪ್ರಿಂಟಿಗೆ ಕೊಟ್ರೆ ಯಾರೋ ಒಬ್ರ ತಲೆ ಇಲ್ಲ ಕಾಲು ಹೋಗತ್ತೆ, ಅದನ್ನ ಲ್ಯಾಬಿನವ್ರು ನಿರ್ಧಾರ ಮಾಡೋ ಬದ್ಲು ನಾವೇ ಮೊದಲೇ 3:2ಗೆ ಕ್ರಾಪ್ ಮಾಡಿ ಕೊಡೋದು ವಾಸಿ. ನಿಮ್ಮ ಸಾಫ್ಟ್‌ವೇರಲ್ಲಿ ಬೇಕಾದ ಅನುಪಾತ ಟೈಪ್ ಮಾಡಿ ಲಾಕ್ ಮಾಡೋಕೆ ಬರತ್ತಾ, ಇಲ್ಲ ಅವ್ರು ಕೊಟ್ಟಿರೋ ನಾಲ್ಕೈದರಲ್ಲೇ ಆರಿಸ್ಕೋಬೇಕಾ ಅನ್ನೋದು ದೊಡ್ಡ ಪ್ರಶ್ನೆ.

ಎರಡ್ನೇದು ಪಿಕ್ಸೆಲ್ಲು, ಅಂದ್ರೆ ಫೋಟೋದಲ್ಲಿರೋ ಪುಟ್ಟ ಪುಟ್ಟ ಚುಕ್ಕೆಗಳ ಲೆಕ್ಕ, ಮತ್ತೆ ಕೆಬಿ, ಅಂದ್ರೆ ಫೈಲಿನ ತೂಕ. ಇಲ್ಲೇ ಜನ ಗೊಂದಲ ಮಾಡ್ಕೊಳ್ಳೋದು. ಕ್ರಾಪ್ ಅಂದ್ರೆ ಕತ್ತರಿಸೋದು, ರೀಸೈಜ್ ಅಂದ್ರೆ ಇಡೀ ಫೋಟೋನ ಚಿಕ್ಕದು ದೊಡ್ಡದು ಮಾಡೋದು. ಕ್ರಾಪ್ ಮಾಡ್ದೆ ನೇರ ರೀಸೈಜಲ್ಲಿ ಅಗಲ ಎತ್ತರ ಎರಡೂ ತುಂಬಿ ಓಕೆ ಕೊಟ್ರೆ ಮುಖ ಅಪ್ಪಚ್ಚಿ ಆಗಿರತ್ತೆ, ಎಷ್ಟೋ ಹಾಲ್ ಟಿಕೆಟ್‌ಗಳಲ್ಲಿ ಆ ಉದ್ದ ಮುಖದ ಫೋಟೋ ನೀವೂ ನೋಡಿರ್ತೀರಿ. ಮೊದ್ಲು ಕ್ರಾಪ್, ಆಮೇಲೆ ರೀಸೈಜ್, ಕೊನೇಲಿ ಕೆಬಿ. ಈ ಕ್ರಮ ತಪ್ಪಿಸಬೇಡಿ.

ಮೂರ್ನೇದು ಒರಿಜಿನಲ್ ಗತಿ ಏನು ಅನ್ನೋದು. ಕೆಲವು ಆ್ಯಪು ಕಾಪಿ ಮಾಡಿ ಉಳಿಸತ್ತೆ, ಕೆಲವು ಅದ್ರ ಮೇಲೇ ಬರ್ದುಬಿಡತ್ತೆ. ಜೆಪೆಗ್ (ಹೆಸ್ರ ಕೊನೇಲಿ .jpg ಇರೋ) ಫೋಟೋನ ತೆಗೆದು ಕ್ರಾಪ್ ಮಾಡಿ ಸೇವ್ ಮಾಡ್ದಾಗೆಲ್ಲ ಅದು ಮತ್ತೆ ಕಂಪ್ರೆಸ್ ಆಗತ್ತೆ, ಅಂದ್ರೆ ಫೈಲ್ ಚಿಕ್ಕದಾಗೋಕೆ ಸ್ವಲ್ಪ ವಿವರ ಕಳ್ಕೊಳತ್ತೆ, ಒಂದೆರಡು ಸಲಕ್ಕೆ ಕಣ್ಣಿಗೆ ಗೊತ್ತಾಗಲ್ಲ, ಅದೇ ಫೈಲನ್ನ ಮತ್ತೆ ಮತ್ತೆ ಮಾಡ್ತಾ ಹೋದ್ರೆ ಗೊತ್ತಾಗತ್ತೆ. ಇನ್ನೊಂದು, ಕತ್ತರಿಸಿ ಬಿಸಾಕಿದ ಭಾಗ ನಿಜವಾಗ್ಲೂ ಹೋಯ್ತಾ? ಇದನ್ನ ಆಮೇಲೆ ಹೇಳ್ತೀನಿ, ಅದ್ರದ್ದೇ ಒಂದು ಕಥೆ ಇದೆ.

ಇವಿಷ್ಟ್ರ ಜೊತೆ ನಿಮ್ಮ ಹತ್ರ ಏನಿದೆ ಅನ್ನೋದು. ಹಳೇ ಲ್ಯಾಪ್‌ಟಾಪಾ, ಬರೀ ಮೊಬೈಲಾ, ನೆಟ್ ಸರಿಯಾಗಿ ಬರೋ ಊರಾ. ದುಡ್ಡಿನ ವಿಷ್ಯ ಮಾತ್ರ ಸುಲಭ, ಕ್ರಾಪಿಗೋಸ್ಕರ ಯಾರೂ ಒಂದ್ರೂಪಾಯಿ ಖರ್ಚು ಮಾಡ್ಬೇಕಾಗಿಲ್ಲ.

ಮೊಬೈಲು

ಗ್ಯಾಲರಿ ಅಥ್ವಾ ಗೂಗಲ್ ಫೋಟೋಸಲ್ಲಿ ಎಡಿಟ್ ಒತ್ತಿದ್ರೆ ಕ್ರಾಪ್ ಸಿಗತ್ತೆ, ಚೌಕ, 4:3, 16:9 ಇಂಥವು ರೆಡಿ ಇರ್ತವೆ, ಡೊಂಕಾಗಿದ್ರೆ ನೆಟ್ಟಗೆ ಮಾಡೋ ಗೆರೆನೂ ಇರತ್ತೆ. ಸ್ಟೇಟಸ್ಸು, ಡಿಪಿ, ಫ್ಯಾಮಿಲಿ ಗ್ರೂಪಿಗೆ ಹಾಕೋ ಫೋಟೋ, ಇವಕ್ಕೆಲ್ಲ ಇದ್ಬಿಟ್ಟು ಬೇರೆ ಹುಡುಕೋದು ದಂಡ. ಐಫೋನಲ್ಲಂತೂ ಕ್ರಾಪ್ ಮಾಡಿದ್ಮೇಲೂ ಒರಿಜಿನಲ್ ಒಳಗೇ ಇರತ್ತೆ, ರಿವರ್ಟ್ ಒತ್ತಿದ್ರೆ ವಾಪಸ್ ಬರತ್ತೆ. ಆದ್ರೆ ಐಫೋನಿನವ್ರಿಗೆ ಇನ್ನೊಂದು ತಾಪತ್ರಯ ಇದೆ, 2017ರಲ್ಲಿ ಬಂದ ಐಓಎಸ್ 11ರಿಂದ ಫೋಟೋ ಹೆಚ್‌ಇಐಸಿ ಅನ್ನೋ ಫಾರ್ಮ್ಯಾಟಲ್ಲಿ ಸೇವ್ ಆಗತ್ತೆ, ಬಹುತೇಕ ಸರ್ಕಾರಿ ಅರ್ಜಿಗಳು ಕೇಳೋದು ಜೆಪೆಗ್. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಮಾಡ್ಕೊಂಡ್ರೆ ಮುಂದೆ ತೆಗೆಯೋ ಫೋಟೋ ಜೆಪೆಗ್ಗಲ್ಲೇ ಇರತ್ತೆ.

ಗ್ಯಾಲರಿಗಿಂತ ಒಂದು ಮೆಟ್ಟಿಲು ಮೇಲೆ ಬೇಕು ಅಂದ್ರೆ ಸ್ನ್ಯಾಪ್‌ಸೀಡ್. ಗೂಗಲ್‌ದು, ಫ್ರೀ. ಇದ್ರಲ್ಲಿ ಪರ್‌ಸ್ಪೆಕ್ಟಿವ್ ಅನ್ನೋ ಟೂಲ್ ಇದೆ, ಗೋಡೆ ಮೇಲಿನ ಫೋಟೋ ಇಲ್ಲ ಮೇಜಿನ ಮೇಲಿಟ್ಟ ಸರ್ಟಿಫಿಕೇಟ್ ಓರೆಯಾಗಿ ಬಂದಿದ್ರೆ ಮೊದ್ಲು ಅದನ್ನ ನೆಟ್ಟಗೆ ಮಾಡಿ ಆಮೇಲೆ ಕ್ರಾಪ್ ಮಾಡ್ಬಹುದು. ಇನ್ನೊಂದು ಎಕ್ಸ್‌ಪ್ಯಾಂಡ್, ಇದು ಕ್ರಾಪಿನ ಉಲ್ಟಾ, ತಲೆ ಮೇಲೆ ಜಾಗನೇ ಇಲ್ದಂಗೆ ತೆಗೆದಿರೋ ಫೋಟೋಗೆ ಸುತ್ತ ಜಾಗ ಸೇರ್ಸತ್ತೆ, ಹಿಂದೆ ಖಾಲಿ ಗೋಡೆ ಇದ್ರೆ ಚೆನ್ನಾಗೇ ಕೂರತ್ತೆ, ಹಿಂದೆ ಕಿಟಕಿ ಸರಳು ಗಿಡ ಎಲ್ಲ ಇದ್ರೆ ಆಸೆ ಬಿಡಿ.

ಮೊಬೈಲಿನ ಕೊರತೆ ಎರಡು. ಬೇಕಾದ ಅನುಪಾತ ಟೈಪ್ ಮಾಡೋಕೆ ಸಾಮಾನ್ಯವಾಗಿ ಬರಲ್ಲ, ಇಷ್ಟೇ ಕೆಬಿ ಇರ್ಲಿ ಅಂತ ಹೇಳೋಕೂ ಬರಲ್ಲ. ಪಾಸ್‌ಪೋರ್ಟ್ ಸೈಜ್ ಅಂದ್ರೆ 35 ಮಿಮೀ ಅಗಲ 45 ಮಿಮೀ ಎತ್ತರ, ಅದು 7:9. ಹತ್ತಿರದ್ದು 4:5, ಅದ್ರಲ್ಲಿ ಮಾಡಿದ್ರೆ ಕೂದಲೆಳೆ ವ್ಯತ್ಯಾಸ, ಪ್ರಿಂಟಿಗೆ ನಡೆಯತ್ತೆ. ಆನ್‌ಲೈನ್ ಅರ್ಜಿಗೆ ನಡೆಯಲ್ಲ.

ಪೇಂಟು ಮತ್ತೆ ವಿಂಡೋಸ್ ಫೋಟೋಸು

ಪೇಂಟ್ 1985ರ ಮೊದಲ ವಿಂಡೋಸ್‌ನಿಂದಾನೂ ಇದೆ, ಅದನ್ನ ನೋಡಿ ನಗೋರೂ ಅಷ್ಟೇ ದಿನದಿಂದ ಇದಾರೆ. ನನ್ನ ಪ್ರಕಾರ ಅರ್ಧ ಕೆಲ್ಸಕ್ಕೆ ಇದೇ ಸಾಕು. ಸೆಲೆಕ್ಟ್ ಒತ್ತಿ ಚೌಕ ಎಳೀತಾ ಕೆಳಗಡೆ ಪಟ್ಟಿ ನೋಡಿ, ನೀವು ಎಳೆದಿರೋ ಚೌಕ ಎಷ್ಟು ಪಿಕ್ಸೆಲ್ ಅಂತ ಅಲ್ಲೇ ಓಡ್ತಾ ಇರತ್ತೆ. ಇದನ್ನ ಹೇಗೆ ಬಳಸ್ಕೋಬೇಕು ಅಂದ್ರೆ, ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗೆ ಫೋಟೋ 200×230 ಪಿಕ್ಸೆಲ್, 20ರಿಂದ 50 ಕೆಬಿ ಅಂತ ಕೇಳ್ತಾರೆ, ಸಹಿ 140×60, 10ರಿಂದ 20 ಕೆಬಿ. ಈ 200:230 ಸಾಮಾನ್ಯ ಆ್ಯಪುಗಳ ರೆಡಿ ಪಟ್ಟೀಲಿ ಇರಲ್ಲ. ಪೇಂಟಲ್ಲಿ ಏನ್ ಮಾಡ್ಬೇಕು, ಕೆಳಗಿನ ಅಂಕಿ 400×460 ಆಗೋ ತನಕ ಚೌಕ ಎಳೀರಿ, ಅದು ಸರಿಯಾಗಿ ಎರಡರಷ್ಟು, ಕ್ರಾಪ್ ಒತ್ತಿ, ಆಮೇಲೆ ರೀಸೈಜಲ್ಲಿ ಪಿಕ್ಸೆಲ್ ಆರಿಸಿ ಅಗಲ 200 ಹಾಕಿದ್ರೆ ಎತ್ತರ ತಾನಾಗೇ 230 ಬರತ್ತೆ, ಅನುಪಾತ ಉಳಿಸೋ ಟಿಕ್ ತೆಗೀದಿದ್ರೆ ಸಾಕು. ಮುಖ 400ಕ್ಕಿಂತ ದೊಡ್ಡದಾಗಿದ್ರೆ ಮೊದ್ಲು ಇಡೀ ಫೋಟೋನ 50 ಪರ್ಸೆಂಟೋ 25 ಪರ್ಸೆಂಟೋ ಮಾಡ್ಕೊಂಡು ಶುರು ಮಾಡಿ. ಅಧಿಸೂಚನೆ ಒಂದ್ಸಲ ಓದ್ಕೊಳ್ಳಿ ಮತ್ತೆ, ಒಂದೊಂದು ಪರೀಕ್ಷೆಗೆ ಒಂದೊಂದು ಅಳತೆ.

ಪೇಂಟಿನ ದೋಷ ಏನಂದ್ರೆ ಜೆಪೆಗ್ ಸೇವ್ ಮಾಡುವಾಗ ಕ್ವಾಲಿಟಿ ಕೇಳೋದೇ ಇಲ್ಲ, ಅದು ಕೊಟ್ಟಷ್ಟೇ ಕೆಬಿ. ಜನ 50 ಕೆಬಿ ಮೀರತ್ತೆ ಅಂತ ಹೆದರ್ತಾರೆ, ಆದ್ರೆ 200×230ರಷ್ಟು ಪುಟ್ಟ ಫೋಟೋದಲ್ಲಿ ಕಷ್ಟ ಬರೋದು ಎಷ್ಟೋ ಸಲ ಇನ್ನೊಂದು ಕಡೆಯಿಂದ, 20 ಕೆಬಿ ಮುಟ್ಟೋದೇ ಇಲ್ಲ. ಕನಿಷ್ಠಕ್ಕಿಂತ ಕಮ್ಮಿ ಅಂತ ಸೈಟು ತಿರಸ್ಕರಿಸ್ದಾಗ ಪೇಂಟಲ್ಲಿ ಏನೂ ಮಾಡೋಕಾಗಲ್ಲ.

ವಿಂಡೋಸ್ ಫೋಟೋಸ್ ಆ್ಯಪು ಇದಕ್ಕಿಂತ ಸ್ವಲ್ಪ ಮೇಲು, ಅನುಪಾತದ ಪಟ್ಟಿ ಇದೆ, ಡೊಂಕು ತಿದ್ದೋ ಸ್ಲೈಡರ್ ಇದೆ, ಮೂರು ಚುಕ್ಕೆ ಒಳಗೆ ರೀಸೈಜ್ ಇಮೇಜ್ ಅಂತ ಇದೆ, ಅಲ್ಲಿ ಕ್ವಾಲಿಟಿ ಕಮ್ಮಿ ಜಾಸ್ತಿ ಮಾಡಿದ್ರೆ ಹೊಸ ಫೈಲ್ ಸುಮಾರು ಎಷ್ಟಾಗತ್ತೆ ಅಂತ ತೋರಿಸತ್ತೆ. ಏನೂ ಇನ್‌ಸ್ಟಾಲ್ ಮಾಡೋಕೆ ಬಿಡದ ಆಫೀಸ್ ಕಂಪ್ಯೂಟರ್ ಇದ್ರೆ ಈ ಎರಡನ್ನ ಜೋಡಿ ಮಾಡ್ಕೊಂಡ್ರೆ ಬಹುತೇಕ ಆಗ್ಹೋಗತ್ತೆ. ಮ್ಯಾಕ್ ಇರೋರು ಪ್ರಿವ್ಯೂನಲ್ಲಿ ಚೌಕ ಎಳೆದು ಕಮಾಂಡ್ ಕೆ ಒತ್ತಿ, ಎಕ್ಸ್‌ಪೋರ್ಟಲ್ಲಿ ಸ್ಲೈಡರ್ ಸರಿಸಿದ್ರೆ ಸೈಜ್ ಅಲ್ಲೇ ಕಾಣತ್ತೆ, ನಿಮಗೆ ಬೇರೆ ಏನೂ ಬೇಡ.

ಇರ್ಫಾನ್‌ವ್ಯೂ

ಹೆಸ್ರು ಕೇಳಿರೋರು ಕಮ್ಮಿ, ಒಂದ್ಸಲ ಬಳಸಿದೋರು ಬಿಡಲ್ಲ. 1996ರಿಂದ ಇದೆ, ನೋಡೋಕೆ ಇವತ್ತಿಗೂ ಆ ಕಾಲದ ಥರಾನೇ ಇದೆ, ಆದ್ರೆ ವಿಂಡೋಸಲ್ಲಿ ಫೋಟೋ ನೋಡೋಕೆ, ತಿದ್ದೋಕೆ ಇರೋ ಪುಟ್ಟ ಸಾಫ್ಟ್‌ವೇರು, ಎಂಥಾ ಸವಕಲು ಲ್ಯಾಪ್‌ಟಾಪಲ್ಲೂ ಓಡತ್ತೆ. ಮನೆ ಬಳಕೆಗೆ ಫ್ರೀ, ಅಂಗಡೀಲಿ ದುಡ್ಡಿನ ಕೆಲ್ಸಕ್ಕೆ ಬಳಸ್ತೀರಾ ಅಂದ್ರೆ ಲೈಸೆನ್ಸ್ ತಗೋಬೇಕು.

ಶಿಫ್ಟ್ ಸಿ ಒತ್ತಿದ್ರೆ ಅನುಪಾತ ಟೈಪ್ ಮಾಡೋ ಕಿಟಕಿ ಬರತ್ತೆ, 200:230 ಅಂತ ಕೊಡಿ, ಚೌಕ ಅದೇ ಲೆಕ್ಕದಲ್ಲಿ ನಿಲ್ಲತ್ತೆ, ಮುಖದ ಮೇಲೆ ತಂದು ಕಂಟ್ರೋಲ್ ವೈ, ಕ್ರಾಪ್ ಆಯ್ತು. ಕಂಟ್ರೋಲ್ ಆರ್ ಒತ್ತಿ ಪಿಕ್ಸೆಲ್ ಹಾಕಿ. ಸೇವ್ ಮಾಡುವಾಗ ಪಕ್ಕದಲ್ಲಿ ಕ್ವಾಲಿಟಿ ಸ್ಲೈಡರ್ ಇರತ್ತೆ, ಕೆಬಿ ಕಮ್ಮಿ ಬಂದ್ರೆ 100ರ ಕಡೆ ಎಳೀರಿ, ಜಾಸ್ತಿ ಬಂದ್ರೆ ಇಳಿಸಿ. ಪ್ಲಗಿನ್ ಪ್ಯಾಕ್ ಅನ್ನೋ ಅದ್ರ ಹೆಚ್ಚುವರಿ ಭಾಗಾನೂ ಹಾಕ್ಕೊಂಡಿದ್ರೆ ಇಷ್ಟೇ ಕೆಬಿ ಅಂತ ಅಂಕಿ ಕೊಡೋಕೂ ಬರತ್ತೆ, ಜೆಪೆಗ್ಗನ್ನ ಮತ್ತೆ ಕಂಪ್ರೆಸ್ ಮಾಡ್ದೆ ಹಾಗೇ ಕತ್ತರಿಸೋ ಲಾಸ್‌ಲೆಸ್ ಕ್ರಾಪ್ ಕೂಡ ಸಿಗತ್ತೆ. ಲಾಸ್‌ಲೆಸ್ಸಲ್ಲಿ ನೀವು ಎಳೆದ ಗೆರೆ ಒಂಚೂರು ಆಚೆ ಈಚೆ ಸರಿಯತ್ತೆ, ಯಾಕಂದ್ರೆ ಜೆಪೆಗ್ ಫೋಟೋನ 8 ಪಿಕ್ಸೆಲ್ಲಿನ ಪುಟ್ಟ ಪುಟ್ಟ ಚೌಕಗಳಾಗಿ ಇಟ್ಕೊಂಡಿರತ್ತೆ, ಕತ್ತರಿ ಆ ಚೌಕಗಳ ಅಂಚಲ್ಲೇ ಬೀಳ್ಬೇಕು.

ಪರೀಕ್ಷೆ ಅರ್ಜಿ ಮೇಲೆ ಅರ್ಜಿ ಹಾಕೋ ಹುಡುಗ್ರು, ಸೈಬರ್ ಸೆಂಟರ್ ಇಟ್ಕೊಂಡಿರೋರು, ಊರಿನ ಅರ್ಧ ಜನಕ್ಕೆ ಅರ್ಜಿ ತುಂಬಿಕೊಡೋ ಮೇಷ್ಟ್ರು, ನಿಮಗೆ ಇದು ಬಿಟ್ಟು ಬೇರೆ ಹೇಳಲ್ಲ ನಾನು.

ಅಮೆರಿಕ ವೀಸಾದವ್ರಿಗೂ ಇದೇ ಆಗತ್ತೆ. ಡಿಎಸ್-160 ಅರ್ಜಿಗೆ ಫೋಟೋ ಚೌಕ ಇರ್ಬೇಕು, 600×600ರಿಂದ 1200×1200 ಪಿಕ್ಸೆಲ್ ಒಳಗೆ, 240 ಕೆಬಿ ದಾಟಬಾರ್ದು, ತಲೆ ಎತ್ತರ ಫೋಟೋದ 50ರಿಂದ 69 ಪರ್ಸೆಂಟ್ ಇರ್ಬೇಕು. 600 ಎತ್ತರದ ಫೋಟೋದಲ್ಲಿ ನೆತ್ತಿಯಿಂದ ಗದ್ದದ ತನಕ 300ರಿಂದ 414 ಪಿಕ್ಸೆಲ್ ಅಂತ ಲೆಕ್ಕ, ಚೌಕ ಎಳೆದು ಅಳೆದು ನೋಡ್ಬಹುದು. ಊರಲ್ಲಿರೋ ಅಪ್ಪ ಅಮ್ಮನ ಫೋಟೋನ ವಾಟ್ಸಾಪಲ್ಲಿ ತರಿಸ್ಕೊಂಡು ಅಲ್ಲಿಂದ ಅರ್ಜಿ ತುಂಬೋ ಮಕ್ಕಳಿಗೆ ಒಂದು ಮಾತು: ಫೋಟೋ ಅಂತ ಕಳಿಸಿದ್ರೆ ವಾಟ್ಸಾಪ್ ಅದನ್ನ ಹಿಂಡಿ ಕಳಿಸತ್ತೆ, ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ. ಅಪ್ಪಂಗೆ ಫೋನಲ್ಲಿ ಇದನ್ನ ಅರ್ಥ ಮಾಡಿಸೋದು ಕ್ರಾಪಿಗಿಂತ ದೊಡ್ಡ ಕೆಲ್ಸ, ಅದು ಬೇರೆ.

ಗಿಂಪು, ಫೋಟೋಪಿಯಾ

ಗಿಂಪ್ ಫ್ರೀ, ಫೋಟೋಶಾಪ್ ಮಾಡೋದ್ರಲ್ಲಿ ಬಹಳಷ್ಟು ಮಾಡತ್ತೆ, ಕ್ರಾಪ್ ಟೂಲಲ್ಲೇ ಅನುಪಾತ ಲಾಕ್ ಮಾಡ್ಬಹುದು. ಆದ್ರೆ ಬರೀ ಕ್ರಾಪಿಗೆ ಅಂತ ಇದನ್ನ ಹಾಕ್ಕೊಂಡೋರು ಮೊದಲ ದಿನಾನೇ ತಲೆ ಕೆಡಿಸ್ಕೋತಾರೆ, ಯಾಕಂದ್ರೆ ಸೇವ್ ಒತ್ತಿದ್ರೆ ಎಕ್ಸ್‌ಸಿಎಫ್ ಅನ್ನೋ ಅದ್ರದ್ದೇ ಫೈಲ್ ಬರತ್ತೆ, ಜೆಪೆಗ್ ಬೇಕಂದ್ರೆ ಎಕ್ಸ್‌ಪೋರ್ಟ್ ಮಾಡ್ಬೇಕು. ತೆರ್ಕೊಳ್ಳೋಕೂ ಟೈಮ್ ತಗೊಳತ್ತೆ. ಹಾಗಾದ್ರೆ ಯಾರಿಗೆ ಬೇಕು? ಮದುವೆ ಫೋಟೋದಲ್ಲಿ ಒಬ್ರನ್ನ ಮಾತ್ರ ಕ್ರಾಪ್ ಮಾಡಿರ್ತೀರಿ, ಪಕ್ಕದೋರು ಹೋದ್ರು, ಅವ್ರ ಕೈ ಹೆಗಲ ಮೇಲೇ ಉಳ್ಕೊಂಡಿರತ್ತಲ್ಲ, ಆ ಕೈ ತೆಗೆಯೋಕೆ ಗಿಂಪ್ ಬೇಕು. ಕತ್ತರಿಸಿದ್ಮೇಲೆ ಅಳಿಸೋದು, ಹಿನ್ನೆಲೆ ಬದ್ಲಾಯ್ಸೋದು, ಅಕ್ಷರ ಸೇರಿಸೋದು ಇದ್ದೋರು ಕೂತು ಕಲೀರಿ, ಮಿಕ್ಕೋರಿಗೆ ಬೇಡ.

ಫೋಟೋಪಿಯಾ ಬ್ರೌಸರಲ್ಲೇ ಓಡತ್ತೆ, ನೋಡೋಕೆ ಫೋಟೋಶಾಪ್ ಥರಾನೇ, ಪಕ್ಕದಲ್ಲಿ ಜಾಹೀರಾತು ಬರತ್ತೆ, ಅದನ್ನ ಸಹಿಸ್ಕೋಬೇಕು. ಸಿ ಒತ್ತಿ, ಮೇಲೆ ಫಿಕ್ಸೆಡ್ ಸೈಜ್ ಆರಿಸಿ 200, 230 ಕೊಟ್ರೆ ಕ್ರಾಪು ರೀಸೈಜು ಎರಡೂ ಒಟ್ಟಿಗೆ ಆಗತ್ತೆ. ಎಲ್ಲಕ್ಕಿಂತ ಮುಖ್ಯ, ಫೋಟೋ ಅವ್ರ ಸರ್ವರಿಗೆ ಹೋಗಲ್ಲ, ನಿಮ್ಮ ಕಂಪ್ಯೂಟರಲ್ಲೇ ಕೆಲ್ಸ ನಡೆಯತ್ತೆ. ಗೂಗಲಲ್ಲಿ 20 ಕೆಬಿ ಫೋಟೋ ಅಂತ ಹುಡುಕಿದ್ರೆ ಸಿಗೋ ಎಷ್ಟೋ ಸೈಟುಗಳು ಹಾಗಲ್ಲ, ಅಪ್‌ಲೋಡ್ ಮಾಡಿಸ್ಕೋತವೆ. ನಿಮ್ಮ ಫೋಟೋನೂ ಸಹಿನೂ ಎರಡನ್ನೂ ಒಂದೇ ಅಪರಿಚಿತ ಸೈಟಿಗೆ ಕೊಟ್ಟು ಬರೋದು ನಂಗಂತೂ ಸರಿ ಕಾಣಲ್ಲ, ಸಹಿ ಅಂದ್ರೆ ಚೆಕ್ಕಿನ ಮೇಲೆ ಹಾಕೋದೂ ಅದೇ ಅಲ್ವಾ.

ಕತ್ತರಿಸಿದ್ದು ಹೋಯ್ತಾ ಇಲ್ವಾ

ಮೇಲೆ ಹೇಳಿದ ಕಥೆ ಇದು. 2023ರ ಮಾರ್ಚಲ್ಲಿ ಗೂಗಲ್ ಪಿಕ್ಸೆಲ್ ಫೋನಲ್ಲಿ ಸ್ಕ್ರೀನ್‌ಶಾಟ್ ತಿದ್ದೋ ಮಾರ್ಕಪ್ ಟೂಲಲ್ಲಿ ಒಂದು ಲೋಪ ಬಯಲಿಗೆ ಬಂತು, ಏಕ್ರಾಪಲಿಪ್ಸ್ ಅಂತ ಹೆಸರಿಟ್ರು. ಸ್ಕ್ರೀನ್‌ಶಾಟ್ ಕ್ರಾಪ್ ಮಾಡಿ ಸೇವ್ ಮಾಡಿದ್ರೆ ಆ ಟೂಲು ಹಳೇ ಫೈಲಿನ ಮೇಲೇ ಹೊಸದನ್ನ ಬರೀತಿತ್ತು, ಹೊಸದು ಚಿಕ್ಕದಲ್ವಾ, ಹಳೇದ್ರ ಬಾಲ ಹಿಂದೆ ಹಾಗೇ ಉಳೀತಿತ್ತು, ಗೊತ್ತಿದ್ದೋರು ಅದ್ರಿಂದ ಕತ್ತರಿಸಿದ ಭಾಗನ ಅಷ್ಟೋ ಇಷ್ಟೋ ವಾಪಸ್ ತೆಗೀಬಹುದಿತ್ತು. ಕೆಲವೇ ದಿನದಲ್ಲಿ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಲ್ಲೂ ಅದೇ ಕಥೆ ಅಂತ ಗೊತ್ತಾಯ್ತು. ಎರಡನ್ನೂ ಸರಿ ಮಾಡಿದಾರೆ, ಆದ್ರೆ ಅದಕ್ಕೂ ಮುಂಚೆ ಕಳಿಸಿದ ಫೈಲುಗಳು ಎಲ್ಲೆಲ್ಲಿವೆಯೋ ಅಲ್ಲಲ್ಲಿ ಹಾಗೇ ಇವೆ.

ಅದಕ್ಕಿಂತ ದಿನನಿತ್ಯದ್ದು ವರ್ಡ್. ಆಧಾರ್ ಕಾರ್ಡನ್ನ ವರ್ಡಿಗೆ ಹಾಕಿ ಅಲ್ಲೇ ಕ್ರಾಪ್ ಮಾಡಿ ಫೈಲ್ ಮೇಲ್ ಮಾಡೋರು ತುಂಬಾ ಜನ, ವರ್ಡಲ್ಲಿ ಕ್ರಾಪ್ ಅಂದ್ರೆ ಬರೀ ಮುಚ್ಚಿಡೋದು, ಆಚೆ ಕಡೆಯೋರು ಫೋಟೋ ಮೇಲೆ ಕ್ಲಿಕ್ ಮಾಡಿ ಕ್ರಾಪ್ ಒತ್ತಿದ್ರೆ ಪೂರ್ತಿ ಕಾಣತ್ತೆ. ಕಂಪ್ರೆಸ್ ಪಿಕ್ಚರ್ಸ್‌ಗೆ ಹೋಗಿ ಕ್ರಾಪ್ ಮಾಡಿದ ಭಾಗ ಡಿಲೀಟ್ ಮಾಡು ಅನ್ನೋದಕ್ಕೆ ಟಿಕ್ ಹಾಕಿದ್ರೆ ಮಾತ್ರ ನಿಜವಾಗಿ ಹೋಗೋದು. ಗುಟ್ಟಿನ ವಿಷ್ಯ ಇರೋ ಫೋಟೋಗೆ ಪೇಂಟಲ್ಲಿ ಕ್ರಾಪ್ ಮಾಡಿ ಹೊಸ ಹೆಸ್ರಲ್ಲಿ ಸೇವ್ ಮಾಡೋದೇ ಸರಿ. ಇನ್ನು ಕ್ರಾಪ್ ಮಾಡಿದ್ರೂ ಫೋಟೋ ಎಲ್ಲಿ ತೆಗೆದಿದ್ದು ಅನ್ನೋ ಲೊಕೇಶನ್ ಮಾಹಿತಿ ಫೈಲಲ್ಲಿ ಉಳಿದಿರಬಹುದು, ಅದೂ ನೆನಪಿರ್ಲಿ.

ಹಳೇ ಫೋಟೋದಿಂದ ತಾತನ್ನ ತೆಗೆಯೋದು

ಇದು ಎಲ್ರ ಮನೇಲೂ ಒಂದಲ್ಲ ಒಂದಿನ ಬರೋ ಕೆಲ್ಸ. ತಾತ ತೀರ್ಕೊಂಡ್ರು, ಗೋಡೆಗೆ ಹಾಕೋಕೆ ಒಂಟಿ ಫೋಟೋನೇ ಇಲ್ಲ, ಯಾರ್ದೋ ಮದುವೆಯ ಗ್ರೂಪ್ ಫೋಟೋದಲ್ಲಿ ಎರಡನೇ ಸಾಲಲ್ಲಿ ಪೇಟ ಕಟ್ಟಿ ನಿಂತಿದಾರೆ. ಇಲ್ಲಿ ಸಾಫ್ಟ್‌ವೇರ್ ಯಾವ್ದು ಅನ್ನೋದಕ್ಕಿಂತ ಪಿಕ್ಸೆಲ್ ಎಷ್ಟಿದೆ ಅನ್ನೋದು ಮುಖ್ಯ. ಲೆಕ್ಕ ಹಾಕಿ ನೋಡಿ, 4×6 ಇಂಚಿನ ಪ್ರಿಂಟನ್ನ 600 ಡಿಪಿಐನಲ್ಲಿ, ಅಂದ್ರೆ ಇಂಚಿಗೆ 600 ಪಿಕ್ಸೆಲ್ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದ್ರೆ 3600×2400 ಪಿಕ್ಸೆಲ್, ಅದ್ರಲ್ಲಿ ತಾತ ಅರ್ಧ ಇಂಚು ಅಗಲ ಇದ್ರೆ ಕ್ರಾಪ್ ಮಾಡಿದ್ಮೇಲೆ ಸಿಗೋದು ಬರೀ 300 ಪಿಕ್ಸೆಲ್. 8×10ರ ಫ್ರೇಮಿಗೆ ಚೊಕ್ಕ ಪ್ರಿಂಟ್ ಬೇಕಂದ್ರೆ ಇಂಚಿಗೆ 300ರ ಲೆಕ್ಕದಲ್ಲಿ 2400 ಪಿಕ್ಸೆಲ್ ಅಗಲ ಬೇಕು, ದೂರದಿಂದ ನೋಡೋದಲ್ವಾ ಅಂತ ಅರ್ಧಕ್ಕೆ ಇಳಿಸಿದ್ರೂ 1200 ಬೇಕು. ಎಲ್ಲಿಯ 300 ಎಲ್ಲಿಯ 1200. ಗಿಂಪ್ ಆದ್ರೂ ಅಷ್ಟೇ, ಪೇಂಟ್ ಆದ್ರೂ ಅಷ್ಟೇ, ಇಲ್ದಿರೋ ಪಿಕ್ಸೆಲ್ ಯಾವ್ದೂ ಹುಟ್ಟಿಸಲ್ಲ.

ಹಾಗಾಗಿ ಮೊದ್ಲು ಮನೇಲಿರೋ ಎಲ್ಲ ಆಲ್ಬಮ್ ತೆಗೆದು ತಾತ ದೊಡ್ಡದಾಗಿ ಬಂದಿರೋ ಫೋಟೋ ಹುಡ್ಕಿ, ಸಿಕ್ಕಿದ್ರಲ್ಲಿ ಮುಖದ ಭಾಗ ಮಾತ್ರ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಸ್ಕ್ಯಾನರ್ ಇಲ್ಲ ಅಂದ್ರೆ ಫೋಟೋನ ಆಲ್ಬಮ್ ಪ್ಲಾಸ್ಟಿಕ್‌ನಿಂದ ಹೊರಗೆ ತೆಗೆದು, ಜಗಲಿ ನೆರಳಲ್ಲಿ ಇಟ್ಟು, ಫ್ಲಾಶ್ ಹಾಕ್ದೆ ನೇರ ಮೇಲಿಂದ ಮೊಬೈಲಲ್ಲಿ ತೆಗೀರಿ, ಸ್ನ್ಯಾಪ್‌ಸೀಡಲ್ಲಿ ನೆಟ್ಟಗೆ ಮಾಡ್ಕೊಳ್ಳಿ. ಕ್ರಾಪ್ ಮಾಡುವಾಗ ಮುಖಕ್ಕೆ ಅಂಟ್ಕೊಂಡ ಹಾಗೆ ಕತ್ತರಿಸಬೇಡಿ, ಪೇಟದ ಮೇಲೆ, ಹೆಗಲ ಎರಡೂ ಕಡೆ ಜಾಗ ಬಿಡಿ, ಫ್ರೇಮಿನ ಅಂಚು ಸ್ವಲ್ಪ ನುಂಗತ್ತೆ, ಹೂವಿನ ಹಾರ ಮತ್ತೂ ಸ್ವಲ್ಪ ನುಂಗತ್ತೆ. ಪಿಕ್ಸೆಲ್ ಕಮ್ಮಿ ಇದ್ರೆ ಚಿಕ್ಕ ಫ್ರೇಮ್ ಹಾಕ್ಸಿ. ಎಐನಲ್ಲಿ ಕ್ಲಿಯರ್ ಮಾಡ್ಕೊಡ್ತೀವಿ ಅನ್ನೋ ಆ್ಯಪುಗಳು ಸಾಕಷ್ಟಿವೆ, ಚರ್ಮ ನುಣ್ಣಗೆ ಕಣ್ಣು ಫಳಫಳ ಅಂತ ಬರತ್ತೆ, ಆದ್ರೆ ಅವು ಮುಖದ ವಿವರಗಳನ್ನ ಊಹೆ ಮಾಡಿ ತುಂಬ್ತವೆ, ಅಜ್ಜಿಗೆ ತೋರಿಸಿ ನೋಡಿ, ಇವ್ರ್ಯಾರು ಅಂತಾರೆ.

ದುಡ್ಡು ಕೊಟ್ಟು ತಗೊಳ್ಳೋದಾ

ಫೋಟೋಶಾಪಿಗೆ ತಿಂಗಳು ತಿಂಗಳು ಚಂದಾ ಕಟ್ಬೇಕು, ದಿನಾ ಅದ್ರಲ್ಲೇ ಕೆಲ್ಸ ಇರೋ ಸ್ಟುಡಿಯೋದವ್ರು, ಫ್ಲೆಕ್ಸ್ ಡಿಸೈನ್ ಮಾಡೋರು ಕಟ್ಲಿ. ನಿಮ್ಮ ಕೆಲ್ಸ ವರ್ಷಕ್ಕೆ ನಾಲ್ಕು ಅರ್ಜಿ ಆದ್ರೆ ಆ ದುಡ್ಡಲ್ಲಿ ಹತ್ತಿರದ ಸ್ಟುಡಿಯೋಗೆ ಹೋಗಿ ಒಂದು ಒಳ್ಳೇ ಫೋಟೋ ತೆಗೆಸ್ಕೊಳ್ಳಿ, ಬಿಳಿ ಹಿನ್ನೆಲೇಲಿ. ಪ್ರಿಂಟ್ ಕೊಟ್ಟು ಕಳಿಸ್ತಾರೆ, ಅಷ್ಟಕ್ಕೇ ಎದ್ದು ಬರ್ಬೇಡಿ, ಅವ್ರು ಕ್ರಾಪ್ ಮಾಡೋಕೆ ಮುಂಚಿನ ಪೂರ್ತಿ ಫೈಲನ್ನ ಮೇಲ್‌ಗೆ ಹಾಕಿಸ್ಕೊಳ್ಳಿ. ಅವ್ರು ಕತ್ತರಿಸಿ ಕೊಟ್ಟಿದ್ರಲ್ಲಿ ತಲೆ ಮೇಲೆ ಜಾಗ ಇರಲ್ಲ, ನಾಳೆ ವೀಸಾಗೆ ಚೌಕ ಬೇಕಾದಾಗ ಅದ್ರಿಂದ ಬರಲ್ಲ. ಪೂರ್ತಿ ಫೈಲ್ ಒಂದಿದ್ರೆ 7:9 ಬೇಕಾದ್ರೆ 7:9, 200×230 ಬೇಕಾದ್ರೆ ಅದು, ಇರ್ಫಾನ್‌ವ್ಯೂನಲ್ಲಿ ಎರಡು ನಿಮಿಷದ ಕೆಲ್ಸ.